ಭಾರ ಹೊರುವ ಎಸ್ಟೇಟ್ ಜೀಪು: ಬ್ಲೇಡ್ ಸೆಟ್, ಹೌಸಿಂಗ್, ಬ್ರೇಕ್ ಕೆಲಸದ ವಿವರ

ಗಾಡಿ ಮಹೀಂದ್ರ ಎಂಎಂ 540. ವ್ಹೀಲ್‌ಬೇಸ್ 91 ಇಂಚು, ಅಂದ್ರೆ 2.31 ಮೀಟರ್. ಎಂಜಿನ್ ಪ್ಯೂಜೊ ಎಕ್ಸ್‌ಡಿಪಿ 4.90, 2112 ಸಿಸಿ, 60 ಚಿಲ್ಲರೆ ಅಶ್ವಶಕ್ತಿ. ನಾಲ್ಕೂ ಮೂಲೆಗೆ ಬ್ಲೇಡ್ ಸೆಟ್ (ಭಾರ ಹೊರೋ ಉಕ್ಕಿನ ಪಟ್ಟಿಗಳ ಸ್ಪ್ರಿಂಗು), ನಾಲ್ಕಕ್ಕೂ ಡ್ರಮ್ ಬ್ರೇಕ್. ಓಡಾಟ ಸಕಲೇಶಪುರದಿಂದ ಹೆತ್ತೂರು, ವನಗೂರು ಕಡೆಯ ತೋಟಗಳಿಗೆ. ಕೊಯ್ಲಿನಲ್ಲಿ ಕಾಫಿ ಮೂಟೆ, ಫೆಬ್ರವರಿ–ಮಾರ್ಚ್‌ನಲ್ಲಿ ಹೂಮಳೆ ಕಾಯದೆ ನೀರು ಹೊಡೆಯೋಕೆ ಸ್ಪ್ರಿಂಕ್ಲರ್ ಪೈಪು, ಡೀಸೆಲ್ ಕ್ಯಾನು, ಮಳೆ ಶುರುವಾದ ಮೇಲೆ ಗೊಬ್ಬರ. ನಡುವೆ ಬಿಸಿಲೆ ಘಾಟಿ ಇಳಿದು ಸುಬ್ರಹ್ಮಣ್ಯ, ಚಾರ್ಮಾಡಿ ಇಳಿದು ಉಜಿರೆ.

ದೂರು ನಾಲ್ಕು. ಮೂಟೆ ಹೇರಿದಾಗ ಬಲಗಡೆ ಹಿಂಭಾಗ ಕುಸಿದು ಟೈರು ಮಡ್‌ಗಾರ್ಡಿಗೆ ಉಜ್ಜುತ್ತೆ. ಭಾರ ಇದ್ದಾಗ ಸ್ಟೀರಿಂಗ್ ಹಗುರಾಗಿ ರಸ್ತೆ ಹಿಡಿಯೋದೇ ಇಲ್ಲ. ಬ್ರೇಕ್ ಒತ್ತಿದ್ರೆ ಎಡಕ್ಕೆ ಎಳೆಯುತ್ತೆ. ಹಿಂದಿನ ಹೌಸಿಂಗಿನಿಂದ (ಎರಡು ಚಕ್ರದ ನಡುವೆ ಆಕ್ಸಲ್, ಗೇರು ಇರೋ ಕವಚ) ಗುಂಯ್‌ಗುಡೋ ಸದ್ದು.

ಇಂಥ ಗಾಡಿ ನೋಡಿದ ತಕ್ಷಣ ಎಲ್ಲರ ಬಾಯಲ್ಲೂ ಬರೋ ಸಲಹೆ "ಹಿಂದಕ್ಕೆ ಎರಡು ಬ್ಲೇಡ್ ಜಾಸ್ತಿ ಹಾಕ್ಸಿಬಿಡಿ" ಅನ್ನೋದು. ಹಾಕಿಸಿದ್ರೆ ಬಾಗೋದು ನಿಲ್ಲುತ್ತೆ, ನಿಜ. ಭಾರ ಮಾತ್ರ ಎಲ್ಲೂ ಹೋಗಲ್ಲ. ಹೌಸಿಂಗು, ಬೇರಿಂಗು, ಡ್ರಮ್ಮು, ಟೈರು, ಚಾಸಿ ಎಲ್ಲ ಅದನ್ನ ಹೊರ್ತಾನೇ ಇರುತ್ವೆ. ಬಾಗದ ಜೀಪನ್ನ ನೋಡಿ ಇನ್ನೆರಡು ಮೂಟೆ ಹೇರೋ ಧೈರ್ಯ ಬೇರೆ ಬರುತ್ತೆ. ಹಾಗಾಗಿ ಸ್ಪ್ಯಾನರ್ ಕೈಗೆತ್ತಿಕೊಳ್ಳೋ ಮೊದಲು ತೂಕ.

ತೂಕ ಎಲ್ಲಿ ಕೂತಿದೆ

ಮಾಮೂಲಿನಂತೆ ಹೇರಿದ ಗಾಡಿಯನ್ನ ವೇಬ್ರಿಡ್ಜ್‌ಗೆ ಒಯ್ದು ಮೂರು ಸಲ ನಿಲ್ಲಿಸಬೇಕು. ಮುಂದಿನ ಚಕ್ರ ಮಾತ್ರ ತಟ್ಟೆ ಮೇಲೆ, ಆಮೇಲೆ ಇಡೀ ಗಾಡಿ, ಆಮೇಲೆ ಹಿಂದಿನ ಚಕ್ರ ಮಾತ್ರ. ಮೊದಲ ಮತ್ತು ಕೊನೆಯ ಅಂಕಿ ಕೂಡಿದ್ರೆ ನಡುವಿನ ಅಂಕಿಗೆ ಹತ್ತಿರ ಬರಬೇಕು; ತುಂಬಾ ವ್ಯತ್ಯಾಸ ಇದ್ರೆ ಗಾಡಿ ಸಮತಟ್ಟಾಗಿ ನಿಂತಿರಲಿಲ್ಲ ಅಂತ ಅರ್ಥ. ಡ್ರೈವರ್ ಸೀಟಲ್ಲೇ ಇರಲಿ, ಟ್ಯಾಂಕ್ ತುಂಬಿರಲಿ. ಬಂದ ಅಂಕಿಯನ್ನ ಆರ್‌ಸಿಯಲ್ಲಿ ಬರೆದಿರೋ ಒಟ್ಟು ತೂಕದ ಜೊತೆ ಹೋಲಿಸಿ.

ಅಂದಾಜು ಸಾಮಾನ್ಯವಾಗಿ ಕಡಿಮೆಯೇ ಇರುತ್ತೆ. ಪಾರ್ಚ್‌ಮೆಂಟ್ (ತೊಳೆದು ಒಣಗಿಸಿದ ಕಾಫಿ ಬೀಜ) ಮೂಟೆ 50 ಕೆಜಿ, ಎಂಟು ಇದ್ರೆ 400. ಯೂರಿಯಾ ಮೂಟೆ ಈಗ 45. ಡೀಸೆಲ್ ಲೀಟರಿಗೆ 830 ಗ್ರಾಂ ಹತ್ತಿರ, 20 ಲೀಟರಿನ ಕಬ್ಬಿಣದ ಕ್ಯಾನು ತುಂಬಿದ್ರೆ 20 ಕೆಜಿ ದಾಟುತ್ತೆ. ಮೂರು ಜನ ಕೂತ್ರೆ 200. ಲೆಕ್ಕಕ್ಕೆ ಯಾರೂ ಹಿಡಿಯದೆ ಇರೋದು ಕ್ಯಾರಿಯರ್, ಹಿಂದೆ ನೇತಾಡೋ ಸ್ಟೆಪ್ನಿ, ಜಾಕು, ಚೈನು, ನೆಂದ ಟಾರ್ಪಾಲು.

ಎಷ್ಟು ಹೇರಿದ್ದೀವಿ ಅನ್ನೋದಕ್ಕಿಂತ ಎಲ್ಲಿ ಹೇರಿದ್ದೀವಿ ಅನ್ನೋದು ಗಾಡಿಗೆ ಹೆಚ್ಚು ತಟ್ಟುತ್ತೆ. 100 ಕೆಜಿಯನ್ನ ಹಿಂದಿನ ಹೌಸಿಂಗಿಗಿಂತ 70 ಸೆಂಮೀ ಹಿಂದಕ್ಕೆ, ಟೇಲ್‌ಗೇಟಿನಾಚೆ ನೇತುಹಾಕಿದ್ರೆ ಹಿಂದಿನ ಚಕ್ರದ ಮೇಲೆ ಬೀಳೋದು 100 ಅಲ್ಲ, 130. ಜಾಸ್ತಿಯಾದ 30 ಮುಂದಿನ ಚಕ್ರದಿಂದ ಎತ್ತಿಕೊಂಡದ್ದು. ಲೆಕ್ಕ ಸುಲಭ: 2.31ಕ್ಕೆ 0.70 ಕೂಡಿ 2.31ರಿಂದ ಭಾಗಿಸಿ. ಅದೇ 100 ಕೆಜಿ ಹೌಸಿಂಗಿಗಿಂತ 40 ಸೆಂಮೀ ಮುಂದಿದ್ರೆ ಹಿಂದಕ್ಕೆ 83, ಮುಂದಕ್ಕೆ 17. ಈ ಜೀಪಿನಲ್ಲಿ ಸ್ಟೆಪ್ನಿ, ಎರಡು ಕ್ಯಾನು, ಕಬ್ಬಿಣದ ಪೆಟ್ಟಿಗೆ ಎಲ್ಲ ಹಿಂದೆಯೇ ಇದ್ದವು. ಸ್ಟೀರಿಂಗ್ ಹಗುರಾಗಿದ್ದಕ್ಕೆ ಕಾರಣ ಸ್ಟೀರಿಂಗ್ ಬಾಕ್ಸ್ ಅಲ್ಲವೇ ಅಲ್ಲ. ಪೆಟ್ಟಿಗೆಯನ್ನ ಮುಂದಿನ ಸೀಟಿನ ಬೆನ್ನಿಗೆ, ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿ, ಕ್ಯಾನುಗಳನ್ನ ಚಕ್ರದ ಕಮಾನಿನ ಮುಂದಕ್ಕೆ ತಂದದ್ದೇ ಮೊದಲ ರಿಪೇರಿ. ಖರ್ಚು ಎಂಟು ಬೋಲ್ಟು, ಒಂದಿಷ್ಟು ಫ್ಲಾಟ್ ಪಟ್ಟಿ.

ಹಿಂದಿನ ಬ್ಲೇಡ್ ಸೆಟ್

ಹೌಸಿಂಗು ಚಾಸಿಗೆ ಬಡಿಯದ ಹಾಗೆ ತಡೆಯೋ ಬಂಪ್ ಸ್ಟಾಪ್ ರಬ್ಬರಿನ ತುದಿಯಿಂದ ಹೌಸಿಂಗಿನ ಮೇಲ್ಮೈಗೆ ಖಾಲಿ ಗಾಡಿಯಲ್ಲಿ ಅಳೆದಾಗ ಎಡಕ್ಕೆ 95 ಮಿಮೀ, ಬಲಕ್ಕೆ 70. ಡ್ರೈವರ್ ಒಬ್ಬನೇ ಓಡಿಸೋ ಗಾಡಿಯಲ್ಲಿ ಬಲಗಡೆ ಸ್ವಲ್ಪ ಕೂರೋದು ಸಹಜ, 25 ಮಿಮೀ ಸಹಜ ಅಲ್ಲ.

ಬಿಚ್ಚೋವಾಗ ಜಾಕ್ ಹೌಸಿಂಗಿಗೆ ಕೊಟ್ಟು ಎತ್ತಿದ್ರೂ ಸ್ಟ್ಯಾಂಡ್ ಚಾಸಿಗೇ ಕೊಡಬೇಕು. ಬ್ಲೇಡ್ ಸೆಟ್ ಸಡಿಲಾಗಿ ನೇತಾಡಬೇಕಲ್ಲ. ಮುಂದಿನ ಚಕ್ರಕ್ಕೆ ಎರಡೂ ಕಡೆಯಿಂದ ಕಟ್ಟೆ ಕೊಡಿ, ಯಾಕಂದ್ರೆ ಹಿಂದಿನ ಚಕ್ರ ನೆಲ ಬಿಟ್ಟ ಮೇಲೆ ಹ್ಯಾಂಡ್‌ಬ್ರೇಕಿನ ಮೇಲೆ ಭರವಸೆ ಇಡೋ ಹಾಗಿಲ್ಲ. ಸೆಟ್ಟನ್ನ ಹೌಸಿಂಗಿಗೆ ಬಿಗಿದಿರೋ ಯು ಬೋಲ್ಟ್ ನಟ್ಟುಗಳಿಗೆ ಹಿಂದಿನ ಸಂಜೆಯೇ ತುಕ್ಕು ಬಿಡಿಸೋ ಆಯಿಲ್ ಹಾಕಿಡಿ. ಬಿಟ್ಟರೆ ಬಿಟ್ಟಿತು, ಇಲ್ಲಾಂದ್ರೆ ಕತ್ತರಿಸೋದೇ. ಹಳೇ ಯು ಬೋಲ್ಟನ್ನ ಮತ್ತೆ ಹಾಕೋ ಉಳಿತಾಯ ಬೇಡ: ಒಮ್ಮೆ ಬಿಗಿದು ಎಳೆಸಿಕೊಂಡ ಬೋಲ್ಟು ಎರಡನೇ ಸಲ ಅದೇ ಬಿಗಿ ಹಿಡಿಯಲ್ಲ.

ಸೆಟ್ ಬಿಚ್ಚಿದಾಗ ಬಲಗಡೆ ಮೂರನೇ ಬ್ಲೇಡು, ಬ್ಲೇಡುಗಳನ್ನೆಲ್ಲ ನಡುವೆ ಪೋಣಿಸೋ ಸೆಂಟರ್ ಬೋಲ್ಟಿನ ತೂತಿಗೆ ಅಡ್ಡಲಾಗಿ ಎರಡು ತುಂಡು. ಹೊರಗಿಂದ ನೋಡಿದ್ರೆ ಗೊತ್ತೇ ಆಗಲ್ಲ, ಯು ಬೋಲ್ಟಿನ ತಟ್ಟೆ ಅದನ್ನ ಮುಚ್ಚಿಕೊಂಡಿರುತ್ತೆ. ಬ್ಲೇಡುಗಳು ಹೆಚ್ಚಾಗಿ ಮುರಿಯೋ ಜಾಗ ಎರಡು: ಮಧ್ಯದ ತೂತು, ಇಲ್ಲವೇ ಕೆಳಗಿನ ಬ್ಲೇಡಿನ ತುದಿ ಮೇಲಿನದ್ದನ್ನ ಉಜ್ಜಿ ತಗ್ಗು ಮಾಡಿದ ಜಾಗ. ವೈರ್ ಬ್ರಷ್ ಹಾಕಿ ಆ ಎರಡನ್ನೂ ಪ್ರತಿ ಬ್ಲೇಡಿನಲ್ಲೂ ನೋಡಬೇಕು. ಮಧ್ಯದಲ್ಲಿ ಮುರಿದಿದ್ರೆ ಕಾರಣ ಹೆಚ್ಚಾಗಿ ಯು ಬೋಲ್ಟ್ ಸಡಿಲ, ಭಾರ ಅಲ್ಲ. ಬಿಗಿಯಾಗಿ ಹಿಡಿದ ಮಧ್ಯಭಾಗ ಬಾಗೋದೇ ಇಲ್ಲ. ಸಡಿಲಾದ್ರೆ ಬಾಗೋಕೆ ಶುರುವಾಗಿ ಅತಿ ದುರ್ಬಲ ಜಾಗವಾದ ತೂತಿನಲ್ಲಿ ಬಿರುಕು ಬಿಡುತ್ತೆ.

ಇನ್ನು ಬ್ಲೇಡ್ ಸೇರಿಸೋ ವಿಚಾರ. ಏಳು ಬ್ಲೇಡಿನ ಸೆಟ್‌ಗೆ ಅದೇ ದಪ್ಪದ ಎಂಟನೆಯದನ್ನ ಸೇರಿಸಿದ್ರೆ ಗಡಸುತನ ಸುಮಾರು ಏಳನೇ ಒಂದು ಭಾಗ, ಅಂದ್ರೆ 14 ಪರ್ಸೆಂಟ್ ಹೆಚ್ಚುತ್ತೆ. ದಪ್ಪದ ಲೆಕ್ಕ ಹಾಗಲ್ಲ, ಅದು ಘನದ ಲೆಕ್ಕ. 6 ಮಿಮೀ ಸೆಟ್ ನಡುವೆ 8 ಮಿಮೀ ಬ್ಲೇಡ್ ತುರುಕಿದ್ರೆ ಅದೊಂದೇ 2.37 ಬ್ಲೇಡಿನ ಕೆಲಸ ಮಾಡುತ್ತೆ, ಅಷ್ಟೇ ಬಾಗಿದಾಗ ಅದರ ಮೇಲ್ಮೈಯಲ್ಲಿ ಒತ್ತಡ ಮೂರನೇ ಒಂದು ಭಾಗ ಜಾಸ್ತಿ ಇರುತ್ತೆ. ಲಾರಿಯ ಹಳೇ ಬ್ಲೇಡ್ ಕತ್ತರಿಸಿ ಹಾಕಿದ ಸೆಟ್‌ಗಳಲ್ಲಿ ಮೊದಲು ಮುರಿಯೋದು ಆ ದಪ್ಪದ್ದೇ. ಗಟ್ಟಿ ಅಂತ ಹಾಕಿದ್ದು ಯಾಕೆ ಮುರೀತು ಅಂತ ತಲೆ ಕೆರೆದುಕೊಳ್ಳೋರಿಗೆ ಉತ್ತರ ಇಷ್ಟೇ.

ಈ ಗಾಡಿ ಅರ್ಧ ದಿನ ಖಾಲಿ, ಅರ್ಧ ದಿನ ಭಾರ. ಅದಕ್ಕೆ ಸರಿಯಾದದ್ದು ಹೆಲ್ಪರ್: ಸೆಟ್ಟಿನ ಕೆಳಗೆ ಹೆಚ್ಚುಕಮ್ಮಿ ಚಪ್ಪಟೆಯಾದ ಒಂದು ದಪ್ಪ ಬ್ಲೇಡು. ಖಾಲಿ ಇದ್ದಾಗ ಅದರ ತುದಿ ಮೇಲಿನದ್ದನ್ನ ಮುಟ್ಟಲ್ಲ, ಭಾರ ಬಿದ್ದು ಸೆಟ್ ಚಪ್ಪಟೆಯಾದ ಮೇಲೆ ಮುಟ್ಟಿ ಕೆಲಸಕ್ಕೆ ಬರುತ್ತೆ. ಖಾಲಿ ಗಾಡಿ ಎಗರೋದು ತಪ್ಪುತ್ತೆ, ಖಾಲಿ ಗಾಡಿ ಏರಿನಲ್ಲಿ ಹಿಡಿತ ಕಳೆದುಕೊಳ್ಳೋದೂ ತಪ್ಪುತ್ತೆ. ಬ್ಲೇಡ್ ವರ್ಕ್ಸ್‌ನಲ್ಲಿ ಮುರಿದದ್ದರ ಬದಲಿಗೆ ಅದೇ ಅಗಲ, ಅದೇ ದಪ್ಪದ ಹೊಸದು, ಎರಡೂ ಕಡೆ ಒಂದೊಂದು ಹೆಲ್ಪರ್, ಉಳಿದದ್ದಕ್ಕೆ ಬಾಗು ಏರಿಸೋದು ಅಂತ ಹೇಳಿದೆವು. ಬಾಗು ಏರಿಸೋದನ್ನ ತಣ್ಣಗೆ ಸುತ್ತಿಗೆಯಲ್ಲೇ ಮಾಡಿದ್ರೆ ಒಂದೆರಡು ಸೀಸನ್ನಿಗೆ ಮತ್ತೆ ಕೂರುತ್ತೆ. ಕಾಯಿಸಿ, ಆಯಿಲಿನಲ್ಲಿ ಅದ್ದಿ, ಮತ್ತೆ ಹದ ಇಳಿಸಿ ಕೊಡೋರಿದ್ರೆ ಬಾಳಿಕೆ ಬೇರೆ. ಗ್ಯಾಸ್ ಟಾರ್ಚ್ ಹಿಡಿದು ಅಲ್ಲಲ್ಲಿ ಕೆಂಪಗೆ ಮಾಡಿ ಬಾಗಿಸೋರ ಹತ್ತಿರ ಮಾತ್ರ ಹೋಗಬೇಡಿ, ಕೆಂಪಾದ ಜಾಗದಲ್ಲಿ ಹದ ಹೋಗಿ ಮೆತ್ತಗಾಗುತ್ತೆ.

ವಾಪಸ್ ಬಂದ ಸೆಟ್ಟನ್ನ ಹೀಗೆ ಪರೀಕ್ಷಿಸಬಹುದು. ಸೆಂಟರ್ ಬೋಲ್ಟ್ ಬಿಗಿಯೋ ಮುಂಚೆ ಬ್ಲೇಡುಗಳ ಮಧ್ಯೆ ಒಂದೆರಡು ಮಿಮೀ ಸಂದು ಕಾಣಬೇಕು, ತುದಿಗಳು ಮುಟ್ಟಿರಬೇಕು. ಬಿಗಿದ ಮೇಲೆ ಸಂದು ಮುಚ್ಚಬೇಕು. ತುದಿಯಲ್ಲೇ ಬೆಳಕು ಕಂಡ್ರೆ ಮೈನ್ ಬ್ಲೇಡ್ ಮಾತ್ರ ಬಾಗಿಸಿ ಉಳಿದದ್ದನ್ನ ಹಾಗೇ ಕಟ್ಟಿದ್ದಾರೆ. ಅಂಥ ಸೆಟ್‌ನಲ್ಲಿ ಭಾರವೆಲ್ಲ ಮೈನ್ ಬ್ಲೇಡೇ ಹೊರುತ್ತೆ. ಜೋಡಿಸೋವಾಗ ನಡುವೆ ತೆಳ್ಳಗೆ ಗ್ರ್ಯಾಫೈಟ್ ಗ್ರೀಸ್, ಅಷ್ಟೇ. ಮಳೆಗಾಲಕ್ಕೆ ಮುಂಚೆ ಗಾಡಿ ಅಡಿಗೆಲ್ಲ ಕರಿ ಆಯಿಲ್ ಹೊಡೆಸೋ ವಾಡಿಕೆ ನಮ್ಮ ಕಡೆ ಜೋರಾಗೇ ಇದೆ. ಚಾಸಿಗೆ ತುಕ್ಕು ಹಿಡಿಯೋದು ಅದರಿಂದ ತಗ್ಗೋದು ಹೌದು, ಆದ್ರೆ ಶ್ಯಾಕಲ್ (ಬ್ಲೇಡ್ ತುದಿಯನ್ನ ಚಾಸಿಗೆ ಸೇರಿಸೋ ಕೊಂಡಿ) ಬುಷ್, ಬ್ರೇಕ್ ಹೋಸ್‌ನ ರಬ್ಬರು ಆಯಿಲ್ ಕುಡಿದು ಊದುತ್ತೆ. ಹೊಡೆಸೋದಾದ್ರೆ ಆ ಜಾಗಗಳಿಗೂ ಡ್ರಮ್ಮಿಗೂ ಪ್ಲಾಸ್ಟಿಕ್ ಸುತ್ತಿ ಹೊಡೆಸಿ.

ಜೋಡಣೆಯಲ್ಲಿ ಎಡವೋದು ಎರಡು ಕಡೆ. ಸೆಂಟರ್ ಬೋಲ್ಟಿನ ತಲೆ ಹೌಸಿಂಗಿನ ಪ್ಯಾಡ್ ತೂತಿನೊಳಗೆ ಪೂರ್ತಿ ಕೂತಿರಬೇಕು. ಕೂರದೆ ಯು ಬೋಲ್ಟ್ ಬಿಗಿದ್ರೆ ಹೌಸಿಂಗ್ ಹಿಂದೆ ಮುಂದೆ ಸರಿದು ಜೀಪು ಏಡಿಯ ಹಾಗೆ ಅಡ್ಡಡ್ಡ ಓಡುತ್ತೆ. ಎರಡನೆಯದು, ರಬ್ಬರ್ ಬುಷ್ ಇರೋ ಶ್ಯಾಕಲ್ ನಟ್ಟುಗಳನ್ನ ಚಕ್ರ ಗಾಳಿಯಲ್ಲಿದ್ದಾಗ ಬಿಗಿಯಬಾರದು. ಗಾಡಿ ನೆಲಕ್ಕಿಳಿದು ತನ್ನ ಎತ್ತರಕ್ಕೆ ಕೂತ ಮೇಲೇ ಕೊನೆಯ ಬಿಗಿ. ಇಲ್ಲಾಂದ್ರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಅರ್ಧ ಇಂಚಿನ ಯು ಬೋಲ್ಟಿಗೆ 7.5 ಕೆಜಿ-ಮೀಟರ್ ಟಾರ್ಕ್, ನಾಲ್ಕೂ ನಟ್ಟುಗಳನ್ನ ಅಡ್ಡಡ್ಡವಾಗಿ ಮೂರು ಸುತ್ತಿನಲ್ಲಿ.

ಹಿಂಭಾಗ ಎತ್ತರವಾದಾಗ ಇನ್ನೆರಡು ಕಡೆ ಕಣ್ಣು ಹಾಯಿಸಬೇಕು. ಹೌಸಿಂಗ್ ಪೂರ್ತಿ ಕೆಳಗೆ ನೇತಾಡಿದಾಗಲೂ ಬ್ರೇಕ್ ಹೋಸ್ ಎಳೆದು ನಿಂತಿರಬಾರದು. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ತುದಿಯ ಕೀಲು) ಕೋನ ಬದಲಾಗಿ ನಡುಕ ಬಂದ್ರೆ ಎತ್ತರ ಜಾಸ್ತಿ ಆಯ್ತು ಅಂತ ತಿಳ್ಕೊಳ್ಳಿ. ಹಿಂಭಾಗ ಮೇಲೆದ್ದಷ್ಟೂ ಸ್ಟೀರಿಂಗನ್ನ ನೇರಕ್ಕೆ ತರೋ ಮುಂದಿನ ಕ್ಯಾಸ್ಟರ್ ಕೋನ ಇಳಿದು ಖಾಲಿ ಗಾಡಿ ರಸ್ತೆಯಲ್ಲಿ ಅಲೆದಾಡುತ್ತೆ. ಈ ಗಾಡಿಯಲ್ಲಿ ಬಂಪ್ ಸ್ಟಾಪಿನಿಂದ ಹೌಸಿಂಗಿಗೆ ಎರಡೂ ಕಡೆ 105 ಮಿಮೀಗೆ ನಿಲ್ಲಿಸಿದೆವು.

ಸೆಟ್ ಹೊರಗಿದ್ದಾಗಲೇ ಹ್ಯಾಂಗರ್ (ಸೆಟ್ಟನ್ನ ಚಾಸಿಗೆ ಹಿಡಿಯೋ ಬ್ರಾಕೆಟ್) ಸುತ್ತ ಚಾಸಿ ನೋಡೋದು ಸುಲಭ. ಮಣ್ಣು ಕೆರೆದು, ಸೀಮೆಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟು, ಒಣಗಿಸಿ ಒರೆಸಿ, ಚಾಕ್‌ಪೀಸ್ ಪುಡಿ ಉಜ್ಜಿ. ಬಿರುಕಿದ್ರೆ ಒಳಗೆ ಸೇರಿದ ಸೀಮೆಎಣ್ಣೆ ಬಿಳಿ ಪುಡಿಯ ಮೇಲೆ ಕೂದಲೆಳೆಯಷ್ಟು ಒದ್ದೆ ಗೆರೆಯಾಗಿ ಏಳುತ್ತೆ. ಇಲ್ಲಿ ಬಲಗಡೆ ಹಿಂದಿನ ಹ್ಯಾಂಗರಿನ ರಿವೆಟ್ ಪಕ್ಕ ಅಂಥದ್ದೊಂದು ಸಿಕ್ತು. ಬಿರುಕಿನ ತುದಿಗೆ 4 ಮಿಮೀ ತೂತು ಕೊರೆದು, ವಿ ಆಕಾರಕ್ಕೆ ಗ್ರೈಂಡ್ ಮಾಡಿ ವೆಲ್ಡ್ ತುಂಬಿಸಿ, ಮೇಲೆ ತುದಿ ಓರೆಯಾಗಿ ಕತ್ತರಿಸಿದ ಪ್ಲೇಟ್. ತುದಿಯ ತೂತು ಕೊರೆಯದೆ ವೆಲ್ಡ್ ಮಾಡಿದ್ರೆ ಬಿರುಕು ವೆಲ್ಡಿನ ಆಚೆಗೆ ಮುಂದುವರಿಯುತ್ತೆ. ಬ್ಯಾಟರಿ ವೈರ್ ಬಿಚ್ಚಿಡಿ. ವೆಲ್ಡಿಂಗ್ ಅರ್ತ್ ಕ್ಲಿಪ್ಪನ್ನ ಬ್ಲೇಡಿಗೆ ಸಿಕ್ಕಿಸೋದು ಬೇಡವೇ ಬೇಡ, ಕಿಡಿ ಹಾರಿದ ಒಂದು ಚುಕ್ಕೆಯಿಂದಲೇ ಬ್ಲೇಡ್ ಬಿರುಕು ಬಿಡೋಕೆ ಸಾಕು.

ಹೌಸಿಂಗಿಗೆ ನೀರು

ಡ್ರೈನ್ ಪ್ಲಗ್ ತೆಗೆದಾಗ ಬಂದದ್ದು ಹಾಲು ಬೆರೆಸಿದ ಕಾಫಿ ಬಣ್ಣದ ಆಯಿಲು. ನೀರು ಹೋಗೋ ದಾರಿ ಹೀಗೆ: ಏರು ಹತ್ತಿ ಬಿಸಿಯಾದ ಹೌಸಿಂಗು ತಣ್ಣನೆ ಹಳ್ಳಕ್ಕೆ ಇಳಿಯುತ್ತೆ, ಒಳಗಿನ ಗಾಳಿ ಕುಗ್ಗುತ್ತೆ, ಹೊರಗಿಂದ ಎಳೆದುಕೊಳ್ಳೋಕೆ ನೋಡುತ್ತೆ. ಬ್ರೀದರ್ (ಹೌಸಿಂಗಿನ ಗಾಳಿಕಿಂಡಿ) ಮಣ್ಣು ಕಟ್ಟಿಕೊಂಡಿದ್ರೆ ಆಯಿಲ್ ಸೀಲ್ ಸಂದಿನಿಂದ, ತೆರೆದಿದ್ರೆ ಬ್ರೀದರಿನಿಂದಲೇ ನೀರು ಒಳಗೆ. ಭಾರ ಜಾಸ್ತಿ ಇದ್ದಷ್ಟೂ ಹೌಸಿಂಗ್ ಬಿಸಿ ಜಾಸ್ತಿ, ಎಳೆತವೂ ಜಾಸ್ತಿ. ಹೊಸ ಸೀಲ್ ಮಾತ್ರ ಹಾಕಿ ಕಳಿಸಿದ್ರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ.

ಬ್ರೀದರ್ ಬಿಚ್ಚಿ ಅಲ್ಲಿಗೆ ಹೋಸ್ ನಿಪ್ಪಲ್ ಹಾಕಿ, 8 ಮಿಮೀ ಆಯಿಲ್ ತಡೆಯೋ ಹೋಸನ್ನ ಚಾಸಿ ಗುಂಟ ಮೇಲಕ್ಕೆ ಒಯ್ದು ಬಾಡಿ ಒಳಗೆ ಸೀಟಿನ ಎತ್ತರದಲ್ಲಿ ಮುಗಿಸಿದೆವು. ತುದಿಗೆ ಬೈಕಿನ ಸಣ್ಣ ಪೆಟ್ರೋಲ್ ಫಿಲ್ಟರ್, ಧೂಳು ತಡೆಯೋಕೆ. ಹೋಸ್ ಎಲ್ಲೂ ಕೆಳಗೆ ಜೋತು ಬೀಳಬಾರದು, ಜೋತ ಜಾಗದಲ್ಲಿ ಆಯಿಲ್ ನಿಂತು ಬಿರಡೆಯಾಗುತ್ತೆ. ಹೌಸಿಂಗ್ ಕೆಳಗಿಳಿದಾಗ ಎಳೆಯದಷ್ಟು ಉದ್ದ ಬಿಡಿ. ಮುಂದಿನ ಹೌಸಿಂಗಿಗೂ ಇದೇ ಕೆಲಸ.

ತೊಳೆಯೋಕೆ ಡೀಸೆಲ್ ಹಾಕಿ ಓಡಿಸೋರಿದ್ದಾರೆ, ಬೇಡ. ಕಡಿಮೆ ಬೆಲೆಯ ಗೇರ್ ಆಯಿಲನ್ನೇ ಹಾಕಿ, ನಾಲ್ಕೂ ಚಕ್ರ ಎತ್ತಿ ನಿಧಾನಕ್ಕೆ ಒಂದೆರಡು ನಿಮಿಷ ತಿರುಗಿಸಿ ಇಳಿಸಿ. ಆಮೇಲೆ ಜಿಎಲ್-5 ದರ್ಜೆಯ 80ಡಬ್ಲ್ಯೂ-90, ಲೆವೆಲ್ ತೂತಿನ ಅಂಚಿನವರೆಗೆ. ಸದ್ದು ಉಳಿದ್ರೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಪಿನಿಯನ್ ಫ್ಲ್ಯಾಂಜನ್ನ (ಶಾಫ್ಟ್ ಬಂದು ಸೇರೋ ಹೌಸಿಂಗಿನ ತಟ್ಟೆ) ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ: ಆಟ ಇದ್ರೆ ಪಿನಿಯನ್ ಬೇರಿಂಗ್ ಹೋಗಿದೆ. ಇಲ್ಲಿ ಹೋಗಿತ್ತು. ನೀರು ಕುಡಿದ ಬೇರಿಂಗಿನ ರೋಲರ್ ಮೇಲೆ ಸೂಜಿಮೊನೆಯಷ್ಟು ಕಪ್ಪು ಗುಳಿಗಳು ಎದ್ದಿದ್ದವು.

ಹೌಸಿಂಗ್ ಯಾವ ಬಗೆಯದು ಅಂತಲೂ ತಿಳಿದಿರಬೇಕು. ಹಿಂದಿನ ಹಬ್ಬಿನ ನಡುವೆ ಆಕ್ಸಲ್ ಫ್ಲ್ಯಾಂಜು ಸುತ್ತಲೂ ಹಾಕಿದ ಬೋಲ್ಟ್‌ಗಳಿಂದ ಕೂತಿದ್ರೆ ಫುಲ್ ಫ್ಲೋಟಿಂಗ್. ಭಾರ ಹೊರೋದು ಹೌಸಿಂಗು, ಆಕ್ಸಲ್ ತಿರುಗಿಸುತ್ತೆ ಅಷ್ಟೇ. ಸೆಮಿ ಫ್ಲೋಟಿಂಗ್ ಆದ್ರೆ ಆಕ್ಸಲ್ಲೇ ಭಾರವನ್ನೂ ಹೊರುತ್ತೆ, ಮುರಿದ್ರೆ ಚಕ್ರವೂ ಹೋಗುತ್ತೆ. ಹೆಚ್ಚುವರಿ ಮೂಟೆಯ ಆಸೆ ಹುಟ್ಟಿದಾಗ ಇದನ್ನ ನೆನಪಿಸಿಕೊಳ್ಳೋದು ಒಳ್ಳೇದು. ಓವರ್‌ಲೋಡಿಗೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ ದಂಡ 20,000, ಮೇಲಿನ ಪ್ರತಿ ಟನ್ನಿಗೆ 2,000. ಆರ್‌ಸಿಯಲ್ಲಿರೋ ವಿವರ ಬದಲಾಗೋ ಮಾರ್ಪಾಡು 52ನೇ ಕಲಂ ಅಡಿ ಬರುತ್ತೆ, ಮುಂದಿನ ಕಬ್ಬಿಣದ ಕ್ರ್ಯಾಶ್ ಗಾರ್ಡಂತೂ 2017ರಿಂದಲೇ ನಿಷಿದ್ಧ.

ಬ್ರೇಕು

ಎಡಕ್ಕೆ ಎಳೆದ್ರೆ ತಪ್ಪು ಸಾಮಾನ್ಯವಾಗಿ ಬಲಗಡೆ. ಮುಂದಿನ ಬಲ ಚಕ್ರದ ಬ್ರೇಕ್ ಶೂ ಒತ್ತೋ ವ್ಹೀಲ್ ಸಿಲಿಂಡರಿನ ಪಿಸ್ಟನ್ ತುಕ್ಕಿಗೆ ಕಚ್ಚಿಕೊಂಡಿತ್ತು. ಒಳಗೋಡೆಯಲ್ಲಿ ಗುಳಿ ಬಿದ್ದಿದ್ರೆ ಕಿಟ್ ಹಾಕಿ ಪ್ರಯೋಜನ ಇಲ್ಲ, ಸಿಲಿಂಡರೇ ಬದಲಾಗಬೇಕು, ಅದೂ ಎರಡೂ ಕಡೆ ಒಟ್ಟಿಗೆ. ಡ್ರಮ್ ಲೇತಿಗೆ ಕೊಟ್ಟಾಗ ಮೂಲ ಅಳತೆಗಿಂತ ವ್ಯಾಸ 1.5 ಮಿಮೀ ದಾಟಿದ್ರೆ ಎಸೆಯಿರಿ. ತೆಳುವಾದ ಡ್ರಮ್ಮು ಘಾಟಿಯಲ್ಲಿ ಬೇಗ ಕಾದು ಹಿಗ್ಗುತ್ತೆ, ಪೆಡಲ್ ಕೆಳಕ್ಕೆ ಹೋಗುತ್ತೆ.

ಮಲೆನಾಡಿನಲ್ಲಿ ಬ್ರೇಕ್ ಆಯಿಲನ್ನ ಎರಡು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯೋದು 205 ಡಿಗ್ರಿ ಮೇಲೆ, ತೇವ ಹೀರಿದ ಮೇಲೆ ಅದರ ಮಿತಿ 140ಕ್ಕೆ ಇಳಿಯುತ್ತೆ. ಭಾರದ ಗಾಡಿಯ ಡ್ರಮ್ಮು ಚಾರ್ಮಾಡಿ ಇಳಿಯೋವಾಗ ಎಷ್ಟು ಕಾಯುತ್ತೆ ಅಂತ ಕೆಳಗೆ ತಲುಪಿ ಹತ್ತಿರ ಅಂಗೈ ಹಿಡಿದು ನೋಡಿದವರಿಗೆ ಗೊತ್ತು. ಏರ್ ತೆಗೆಯೋ ಕ್ರಮ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ.

ಇಳಿಯೋವಾಗ ಲೋ ಗೇರ್ ಹಾಕ್ಕೊಂಡು ಹೋಗೋಣ ಅನ್ನೋರಿಗೆ ಒಂದು ಮಾತು. ಈ ಜೀಪಿನ ಟ್ರಾನ್ಸ್‌ಫರ್ ಕೇಸಿನಲ್ಲಿ (ಗೇರ್‌ಬಾಕ್ಸಿನ ಶಕ್ತಿಯನ್ನ ಮುಂದಿನ, ಹಿಂದಿನ ಚಕ್ರಗಳಿಗೆ ಹಂಚೋ ಪೆಟ್ಟಿಗೆ) ಫೋರ್ ವೀಲ್ ಹಾಕದೆ ಲೋ ಬೀಳಲ್ಲ. ನಡುವೆ ಡಿಫರೆನ್ಷಿಯಲ್ ಇಲ್ಲದ್ದರಿಂದ ಟಾರ್ ರಸ್ತೆಯ ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳ ಓಟದ ವ್ಯತ್ಯಾಸ ಎಲ್ಲೂ ಕಳೆಯದೆ ಕ್ರಾಸ್, ಗೇರುಗಳ ಮೇಲೆ ಸುತ್ತಿಕೊಳ್ಳುತ್ತೆ. ಲಿವರ್ ಹೊರಗೇ ಬರಲ್ಲ. ಹಾಗಾಗಿ ಟಾರ್ ಘಾಟಿಗೆ ಹೈನಲ್ಲೇ ಎರಡನೇ ಗೇರು, ತೋಟದ ಮಣ್ಣಿನ ಇಳಿಜಾರಿಗೆ ಮಾತ್ರ ಲೋ.

ಟೈರು, ಕ್ಯಾರಿಯರ್

ಟೈರಿನ ಪಕ್ಕದಲ್ಲಿರೋ ಲೋಡ್ ಇಂಡೆಕ್ಸ್ 100 ಅಂದ್ರೆ ಒಂದು ಟೈರಿಗೆ 800 ಕೆಜಿ, 104 ಅಂದ್ರೆ 900, ಅದೂ ಪೂರ್ತಿ ಗಾಳಿ ಇದ್ದಾಗ. ಖಾಲಿಗೆ 26 ಪಿಎಸ್ಐ ಸಾಕು, ಭಾರಕ್ಕೆ ಹಿಂದೆ 36ರಿಂದ 40, ಟೈರಿನ ಮೇಲೆ ಬರೆದ ಗರಿಷ್ಠ ದಾಟದ ಹಾಗೆ. ಒಂದು ಗಂಟೆ ಓಡಿದ ಮೇಲೆ ಅಳೆದಾಗ ಐದಾರು ಪಿಎಸ್ಐಗಿಂತ ಜಾಸ್ತಿ ಏರಿದ್ರೆ ತಣ್ಣಗಿದ್ದಾಗ ಗಾಳಿ ಕಮ್ಮಿ ಇತ್ತು ಅಂತ. ಕೆಸರಿಗೆ ಅಗಲ ಟೈರಿನ ವ್ಯಾಮೋಹ ಬೇಡ: ನಮ್ಮ ಕಡೆ ಮೇಲೆ ಜಾರೋ ಜಿಗಟು, ಕೆಳಗೆ ಗಟ್ಟಿ ನೆಲ, ಕಿರಿದಾದ 6.00-16 ಅದನ್ನ ಸೀಳಿ ತಳ ಹಿಡಿಯುತ್ತೆ. ಚೈನ್ ಕಟ್ಟೋದಾದ್ರೆ ಸಿಕ್ಕಿಹಾಕಿಕೊಳ್ಳೋ ಮುಂಚೆ, ಹಿಂದಿನ ಚಕ್ರಕ್ಕೆ, ಸ್ವಲ್ಪ ದೂರ ಓಡಿಸಿ ಮತ್ತೆ ಬಿಗಿ ಮಾಡಿ.

ಕ್ಯಾರಿಯರ್ ಮೇಲೆ ಹಗುರವಾದದ್ದು ಮಾತ್ರ. ಹೇರಿದ ಗಾಡಿ 1,900 ಕೆಜಿ, ಭಾರಕೇಂದ್ರ 70 ಸೆಂಮೀ ಎತ್ತರ, ಎರಡು ಚಕ್ರದ ನಡುವೆ 1.3 ಮೀಟರ್ ಅಂತಿಟ್ಟುಕೊಳ್ಳಿ: ನಿಂತಲ್ಲೇ ಪಕ್ಕಕ್ಕೆ ಮಗುಚೋ ಕೋನ 43 ಡಿಗ್ರಿ. 2 ಮೀಟರ್ ಎತ್ತರದಲ್ಲಿ 100 ಕೆಜಿ ಕಟ್ಟಿದ್ರೆ ಅದು 40. ಮೂರೇ ಡಿಗ್ರಿ ಅನ್ನಿಸಬಹುದು. ಆದ್ರೆ ಒಂದು ಪಕ್ಕದ ಚಕ್ರಗಳು 20 ಸೆಂಮೀ ಹೂತ್ರೆ ಅಲ್ಲೇ 9 ಡಿಗ್ರಿ ಹೋಯ್ತು, ಆ ಕಡೆಯ ಬ್ಲೇಡ್ ಒತ್ತಿಕೊಂಡಿದ್ದಕ್ಕೆ ಇನ್ನಷ್ಟು, ರಸ್ತೆಯ ಓರೆಗೆ ಮತ್ತಷ್ಟು. ಮೂಟೆ ಕಟ್ಟೋಕೆ ನೈಲಾನ್ ಹಗ್ಗ ನೆಂದ್ರೆ ಹಿಗ್ಗುತ್ತೆ, ರ್ಯಾಚೆಟ್ ಪಟ್ಟಿ ವಾಸಿ. ಅದನ್ನೂ ಅರ್ಧ ಗಂಟೆ ಓಡಿದ ಮೇಲೆ ಮತ್ತೆ ಎಳೆಯಬೇಕು.

ಕೆಲಸ ಮುಗಿದ ಮೇಲೆ ಯು ಬೋಲ್ಟನ್ನ ಭಾರ ಹೇರಿದ ಸ್ಥಿತಿಯಲ್ಲೇ 100 ಕಿಮೀ ಓಡಿದಾಗ ಒಮ್ಮೆ, 500 ಕಿಮೀ ಆದಾಗ ಇನ್ನೊಮ್ಮೆ ಟಾರ್ಕ್ ರೆಂಚ್‌ನಿಂದ ಬಿಗಿಯಿರಿ. ಹೊಸ ಬ್ಲೇಡುಗಳ ಬಣ್ಣ ಸವೆದು ಸೆಟ್ ಕೂರೋದರಿಂದ ಮೊದಲ ಸಲ ಖಂಡಿತ ತಿರುಗುತ್ತೆ. ಎರಡನೇ ಬಿಗಿಯ ನಂತರ ನಟ್ಟಿನಿಂದ ತಟ್ಟೆಗೆ ಅಡ್ಡಲಾಗಿ ಪೇಂಟಿನಲ್ಲಿ ಒಂದು ಗೆರೆ ಎಳೆದುಬಿಟ್ರೆ ಆಮೇಲೆ ಬಗ್ಗಿ ನೋಡಿದ್ರೆ ಸಾಕು. ಗೆರೆ ಮುರಿದಿದ್ರೆ ಬರೀ ಬಿಗಿ ಮಾಡಿ ಬಿಡಬೇಡಿ. ಸೆಂಟರ್ ಬೋಲ್ಟ್ ತಲೆ ಇನ್ನೂ ಪ್ಯಾಡಿನಲ್ಲಿದೆಯಾ, ಎರಡೂ ಕಡೆ ಮುಂದಿನ ಹಬ್ಬಿನಿಂದ ಹಿಂದಿನ ಹಬ್ಬಿಗೆ ಅಳತೆ ಒಂದೇ ಇದೆಯಾ ಅಂತ ಟೇಪ್ ಹಿಡಿದು ನೋಡಿ.